ಆಟದ ಲ್ಯಾಪ್‌ಟಾಪಿಗೆ ಎಂಥ ಉಗ್ರಾಣ?



ಹೈಸ್ಕೂಲಿನಲ್ಲಿ ಸಂಧಿ ಸಮಾಸ ಹೇಳಿಕೊಡುವ ಕನ್ನಡ ಪಂಡಿತನಿಗೂ ಲ್ಯಾಪ್‌ಟಾಪಿನೊಳಗಿನ ಡಿಸ್ಕಿಗೂ ಏನು ನಂಟು ಎಂದು ನೀವು ಕೇಳಬಹುದು. ಎರಡು ವರ್ಷದ ಹಿಂದೆ ನಾನೂ ಹಾಗೆಯೇ ಕೇಳುತ್ತಿದ್ದೆ. ಆ ನಂಟನ್ನು ಬೆಳೆಸಿದವು ನಮ್ಮ ಮನೆಯ ಎರಡು ಘಟನೆಗಳು. ನನ್ನ ಹಳೆಯ ಕಂಪ್ಯೂಟರಿನ ಡಿಸ್ಕು ಒಂದು ಬೆಳಗ್ಗೆ ‘ಟಿಕ್ ಟಿಕ್’ ಎಂದು ಸದ್ದು ಮಾಡಿ ಸುಮ್ಮನಾದದ್ದು ಒಂದು. ಎಂಜಿನಿಯರಿಂಗಿಗೆ ಸೇರಿದ ನಮ್ಮ ಹುಡುಗ ಗೇಮಿಂಗ್ ಲ್ಯಾಪ್‌ಟಾಪೇ ಬೇಕೆಂದು ಹಟ ಹಿಡಿದು ಅದನ್ನು ಸಾಧಿಸಿಕೊಂಡದ್ದು ಇನ್ನೊಂದು. ಮೊದಲನೆಯದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಎರಡನೆಯದು ಇಂದು ಅನೇಕ ಮನೆಗಳ ಕಥೆಯಾದುದರಿಂದ ಅಲ್ಲಿಂದಲೇ ಆರಂಭಿಸೋಣ.

ಹುಡುಗ ಹೇಳುವುದು ಓದಿಗೆ ಎಂದು, ಕೊಳ್ಳುವುದು ಆಟಕ್ಕೆ. ಅದನ್ನು ಹಣ ಕೊಡುವವರೂ ಬಲ್ಲರು. ಅದಿರಲಿ. ಹಣ ಕೊಟ್ಟು ತಂದ ಮೇಲೆ ಆ ಯಂತ್ರದಲ್ಲಿ ನಾವು ಬದಲಾಯಿಸಬಹುದಾದ ಅಂಗಗಳು ಬಹಳ ಕಡಮೆ. ಲೆಕ್ಕ ಮಾಡುವ ಪ್ರೊಸೆಸರು, ಚಿತ್ರ ಬಿಡಿಸುವ ಗ್ರಾಫಿಕ್ಸ್ ಚಿಪ್ಪು, ಇವೆರಡನ್ನೂ ಹಲಗೆಗೆ ಬೆಸುಗೆ ಹಾಕಿರುತ್ತಾರೆ. ಆಮೇಲೂ ನಮ್ಮ ಕೈಯಲ್ಲಿ ಉಳಿಯುವುದು ಮುಖ್ಯವಾಗಿ ಸಂಗ್ರಹದ ಡ್ರೈವು. ಆದುದರಿಂದ ಅದರ ವಿಷಯದಲ್ಲಿ ಸ್ವಲ್ಪ ವಿಚಾರ ಮಾಡಿದರೆ ಹಣವೂ ಉಳಿಯುತ್ತದೆ, ಮನಸ್ತಾಪವೂ ತಪ್ಪುತ್ತದೆ.

ನಮ್ಮ ಮನೆಗೆ ಬಂದ ಯಂತ್ರದಲ್ಲಿ ಇದ್ದದ್ದು 512 ಗಿಗಾಬೈಟಿನ ಒಂದು ಡ್ರೈವು, ಅದರ ಪಕ್ಕದಲ್ಲಿ ಖಾಲಿ ಬಿಟ್ಟ ಒಂದು ಸ್ಲಾಟು. ಎರಡು ತಿಂಗಳಿಗೆ ಡ್ರೈವು ತುಂಬಿತು. ಅಂಗಡಿಗೆ ಹೋದೆವು. ಅಂಗಡಿಯಾತ ಸಜ್ಜನ, ಆದರೆ ವ್ಯಾಪಾರಿ. “ಸಾರ್, ಇದೋ ನೋಡಿ, ಸೆಕೆಂಡಿಗೆ ಹದಿನಾಲ್ಕು ಸಾವಿರ ಮೆಗಾಬೈಟ್ ಓದುತ್ತೆ. ಇಲ್ಲಾಂದ್ರೆ ಇನ್ನೊಂದು 512 ಹಾಕಿ ಎರಡನ್ನೂ ಸೇರಿಸಿ ಒಂದು ಮಾಡಿಕೊಡ್ತೀನಿ, ಡಬಲ್ ಸ್ಪೀಡು” ಎಂದ. ಹುಡುಗನ ಕಣ್ಣು ಅರಳಿತು. “ನಾಳೆ ಬರುತ್ತೇವಪ್ಪ” ಎಂದು ನಾನು ಅವನನ್ನು ಎಬ್ಬಿಸಿಕೊಂಡು ಬಂದೆ. ಆ ರಾತ್ರಿಯಿಂದ ಒಂದು ವಾರ ಓದಿ, ಕೇಳಿ, ಲೆಕ್ಕ ಹಾಕಿ ನಾನು ತಿಳಿದದ್ದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಮದುವೆಮನೆಯ ಉಗ್ರಾಣವನ್ನು ನೆನೆದುಕೊಳ್ಳಿ. ಅಡಿಗೆಯವನು ಒಲೆಯ ಮುಂದೆ ನಿಂತಿದ್ದಾನೆ, ಅವನು ಪ್ರೊಸೆಸರು. ಅವನ ಮುಂದಿನ ಹಲಗೆಯ ಮೇಲೆ ಈಗ ಬೇಕಾದ ಸಾಮಾನು ಮಾತ್ರ ಇದೆ, ಅದು ರ‍್ಯಾಮ್. ಉಳಿದುದೆಲ್ಲ ಉಗ್ರಾಣದಲ್ಲಿ. ಹಲಗೆಯ ಮೇಲಿನದು ಕೆಲಸ ಮುಗಿದ ಮೇಲೆ ಖಾಲಿಯಾಗುತ್ತದೆ, ಉಗ್ರಾಣದ್ದು ದೀಪ ಆರಿದರೂ ಇರುತ್ತದೆ. ಈ ಉಗ್ರಾಣವೇ ನಾವು ಮಾತನಾಡುತ್ತಿರುವ ಡ್ರೈವು.

ಹಳೆಯ ಕಾಲದ ಉಗ್ರಾಣ ತಿರುಗುವ ತಟ್ಟೆಗಳದು. 1956ರಲ್ಲಿ ಐಬಿಎಂ ಕಂಪನಿ ಹೊರತಂದ ರಾಮಾಕ್ ಎಂಬ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟರಲ್ಲಿಯೂ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಫೋಟೋ ಅದನ್ನು ತುಂಬಿಬಿಡುತ್ತವೆ. ಆಮೇಲೆ ತಟ್ಟೆ ಕಿರಿದಾಗಿ ಎರಡೂವರೆ ಅಂಗುಲದ ಪೆಟ್ಟಿಗೆಯೊಳಗೆ ಕುಳಿತಿತು. ಆದರೆ ಕೆಲಸದ ರೀತಿ ಬದಲಾಗಲಿಲ್ಲ. ಲ್ಯಾಪ್‌ಟಾಪಿನ ಸಾಧಾರಣ ಹಾರ್ಡ್ ಡಿಸ್ಕು ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಅಕ್ಷರವಿರುವ ಜಾಗ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಐದೂವರೆ ಭಾಗ. ಮುಳ್ಳು ಜಾಗದಿಂದ ಜಾಗಕ್ಕೆ ಸರಿಯಲು ಇನ್ನು ಹತ್ತು ಹನ್ನೆರಡು ಭಾಗ. ಒಂದು ಚೂರಿಗೆ ಇದು ಏನೂ ಅಲ್ಲ. ಆದರೆ ಇಂದಿನ ಆಟವೊಂದು ಒಂದು ಊರಿನ ಚಿತ್ರವನ್ನು ತೆರೆಯಬೇಕಾದರೆ ಸಾವಿರಾರು ಚೂರುಗಳನ್ನು ಅಲ್ಲಿಂದ ಇಲ್ಲಿಂದ ಹೆಕ್ಕುತ್ತದೆ. ಸಾವಿರ ಚೂರಿಗೆ ಹದಿನೇಳು ಸೆಕೆಂಡು! ಉಗ್ರಾಣದಲ್ಲಿ ಮುದುಕನೊಬ್ಬನೇ ಇದ್ದು, ಸಾಸಿವೆಗೊಮ್ಮೆ, ಇಂಗಿಗೊಮ್ಮೆ, ಕೊತ್ತಂಬರಿಗೊಮ್ಮೆ ಎದ್ದು ಹೋದ ಹಾಗೆ.

ತಿರುಗುವ ತಟ್ಟೆಯೇ ಇಲ್ಲದ ಸಂಗ್ರಹ ಇದಕ್ಕೆ ಪರಿಹಾರವಾಯಿತು. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುವೊಕ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು 1987ರಲ್ಲಿ ಪ್ರಕಟಿಸಿದ ‘ನ್ಯಾಂಡ್ ಫ್ಲ್ಯಾಶ್’ ಎಂಬ ಚಿಪ್ಪು ಅದರ ಮೂಲ. ಸಣ್ಣ ಸಣ್ಣ ಕೋಶಗಳಲ್ಲಿ ವಿದ್ಯುತ್ತಿನ ಕಣಗಳನ್ನು ಕೂಡಿಟ್ಟು, ಅವು ಇವೆಯೇ, ಎಷ್ಟು ಇವೆ ಎಂಬುದರಿಂದ ಅಕ್ಷರವನ್ನು ಓದುವುದು ಅದರ ಕ್ರಮ. ಇದರಿಂದ ಮಾಡಿದ ಡ್ರೈವಿಗೆ ಎಸ್‌ಎಸ್‌ಡಿ ಎಂದು ಹೆಸರು. ಇಲ್ಲಿ ಸುತ್ತು ಕಾಯುವುದಿಲ್ಲ, ಮುಳ್ಳು ಸರಿಯುವುದಿಲ್ಲ. ಹಾರ್ಡ್ ಡಿಸ್ಕು ಒಂದು ಚೂರು ತರುವಷ್ಟರಲ್ಲಿ ಇದು ನೂರಕ್ಕೂ ಹೆಚ್ಚು ಚೂರು ತಂದಿರುತ್ತದೆ.

ಎಸ್‌ಎಸ್‌ಡಿಯಲ್ಲಿಯೂ ಎರಡು ಪಂಗಡ ಉಂಟು. ಹಳೆಯ ಹಾರ್ಡ್ ಡಿಸ್ಕಿನ ದಾರಿಯಲ್ಲಿಯೇ ಓಡುವುದು ಸಾಟಾ ಪಂಗಡ. ಸೆಕೆಂಡಿಗೆ 550 ಮೆಗಾಬೈಟು ಅದರ ಎಲ್ಲೆ. 2011ರಲ್ಲಿ ಮೊದಲು ಪ್ರಕಟವಾದ ಎನ್‌ವಿಎಂಇ ಎಂಬ ನಿಯಮದಂತೆ ನಡೆಯುವುದು ಇನ್ನೊಂದು. ಅದಕ್ಕೆ ನಾಲ್ಕು ಪಥದ ಹೆದ್ದಾರಿ. ಆ ಹೆದ್ದಾರಿಗೂ ಪೀಳಿಗೆಗಳಿವೆ. ಮೂರನೆಯ ಪೀಳಿಗೆಯದು ಸುಮಾರು 3,500 ಮೆಗಾಬೈಟು, ನಾಲ್ಕನೆಯದು 7,000, ಐದನೆಯದು 14,000ದವರೆಗೆ ಓಡುತ್ತದೆ. ಅಂಗಡಿಯಾತ ತೋರಿಸಿದ್ದು ಈ ಐದನೆಯದನ್ನು.

ಇಲ್ಲಿ ನಮ್ಮ ಅಡಿಗೆಯವನನ್ನು ಮತ್ತೆ ಕರೆಯಬೇಕು. ಮುದುಕನ ಬದಲು ಚುರುಕಾದ ಹುಡುಗ ಉಗ್ರಾಣಕ್ಕೆ ಬಂದ, ಕಾಯುವುದು ತಪ್ಪಿತು. ಆ ಹುಡುಗನ ಬದಲು ಇನ್ನೂ ಎರಡು ಪಟ್ಟು ಚುರುಕಾದವನು ಬಂದ ಎನ್ನಿ. ಕುಂಬಳಕಾಯಿ ಬೇಗ ಬಂದು ಬಿತ್ತು, ನಿಜ. ಆದರೆ ಅದನ್ನು ಹೆಚ್ಚಬೇಕಲ್ಲ! ಆಟಗಳ ಚಿತ್ರಗಳನ್ನು ಅಡಕಮಾಡಿ ಇಟ್ಟಿರುತ್ತಾರೆ. ಅವನ್ನು ಬಿಚ್ಚಿ ಅಣಿಮಾಡುವುದು ಹೆಚ್ಚಾಗಿ ಪ್ರೊಸೆಸರಿನ ಕೆಲಸ. ಆದುದರಿಂದ ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಕಾಣುವ ಅಂತರ ಭೂಮಿ ಆಕಾಶದ್ದಾದರೆ, ನಾಲ್ಕನೆಯ ಪೀಳಿಗೆಯಿಂದ ಐದನೆಯದಕ್ಕೆ ಹೋದಾಗ ಆಟದಲ್ಲಿ ಕಾಣುವುದು ಕಣ್ಣು ಮಿಟುಕಿಸುವಷ್ಟು. ಚಿತ್ರ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದು ಗ್ರಾಫಿಕ್ಸ್ ಚಿಪ್ಪಿಗೆ ಸೇರಿದ್ದು. ಡ್ರೈವಿನ ವೇಗದಿಂದ ಅದು ಹೆಚ್ಚದು. ಇನ್ನೂ ಒಂದು ಸ್ವಾರಸ್ಯ ಕೇಳಿ. ನಮ್ಮ ಲ್ಯಾಪ್‌ಟಾಪಿನ ಸ್ಲಾಟೇ ನಾಲ್ಕನೆಯ ಪೀಳಿಗೆಯದು. ಅದರಲ್ಲಿ ಐದನೆಯದನ್ನು ಸಿಕ್ಕಿಸಿದರೂ ಓಡುವುದು ನಾಲ್ಕನೆಯದರ ವೇಗದಲ್ಲಿ. ಹೆಚ್ಚಿಗೆ ಕೊಟ್ಟ ದುಡ್ಡಿಗೆ ನಮಗೆ ಸಿಕ್ಕುವುದೇನು?

ಹಾಗಾದರೆ ಅಗ್ಗದ ಹಾರ್ಡ್ ಡಿಸ್ಕನ್ನೇ ಹಾಕಿ ಆಟವನ್ನು ಅದರಲ್ಲಿಡಬಾರದೆ? ಕೆಲವು ವರ್ಷಗಳ ಹಿಂದೆ ಅದೇ ವಾಡಿಕೆಯಾಗಿತ್ತು. 128 ಇಲ್ಲವೆ 256 ಗಿಗಾಬೈಟಿನ ಎಸ್‌ಎಸ್‌ಡಿಯಲ್ಲಿ ವಿಂಡೋಸು, ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ಆಟ. ಈಗ ಆ ಜೋಡಿ ಹೊಂದುವುದಿಲ್ಲ. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಎಸ್‌ಎಸ್‌ಡಿಯೇ ಇದ್ದುದರಿಂದ ಆಟ ಕಟ್ಟುವವರು ಅದನ್ನೇ ನಂಬಿ ಕಟ್ಟತೊಡಗಿದರು. 2023ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’, ‘ಸ್ಟಾರ್‌ಫೀಲ್ಡ್’ ಎಂಬ ಎರಡು ಆಟಗಳು ಎಸ್‌ಎಸ್‌ಡಿ ಬೇಕೇಬೇಕು ಎಂದು ತಮ್ಮ ಅಗತ್ಯಗಳ ಪಟ್ಟಿಯಲ್ಲಿ ಬರೆದುಕೊಂಡಿವೆ. ಇಂಥ ಆಟವನ್ನು ತಿರುಗುವ ತಟ್ಟೆಯಲ್ಲಿಟ್ಟರೆ ನಾಯಕ ನಡೆದು ಹೋಗುತ್ತಿದ್ದಂತೆ ಮುಂದಿನ ಬೀದಿ ಇನ್ನೂ ಬಂದಿರುವುದಿಲ್ಲ, ಚಿತ್ರ ತೊದಲುತ್ತದೆ. ಮೇಲಾಗಿ ಈಚಿನ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕು ಕೂರಿಸುವ ಜಾಗವನ್ನೇ ಬಹುಮಟ್ಟಿಗೆ ಕೈಬಿಟ್ಟಿದ್ದಾರೆ.

ಇನ್ನು ಗಾತ್ರದ ಲೆಕ್ಕ. ಇಲ್ಲಿ ನನ್ನ ಅಭಿಪ್ರಾಯ ಖಚಿತ: ಆಟದ ಲ್ಯಾಪ್‌ಟಾಪಿಗೆ ಸಾಕಷ್ಟು ವೇಗ ಬಂದ ಮೇಲೆ ಬೇಕಾದುದು ಜಾಗ, ಮತ್ತೆ ವೇಗವಲ್ಲ. 512 ಎಂದು ಬರೆದ ಡ್ರೈವನ್ನು ವಿಂಡೋಸು 476 ಎಂದು ತೋರಿಸುತ್ತದೆ. ಅಂಗಡಿಯಾತ ಮೋಸಮಾಡಲಿಲ್ಲ. ತಯಾರಕರು ಸಾವಿರ ಸಾವಿರವಾಗಿ ಎಣಿಸುತ್ತಾರೆ, ವಿಂಡೋಸು 1,024ರ ಗುಣಕದಲ್ಲಿ ಎಣಿಸುತ್ತದೆ; ಸೇರಿಗೂ ಪಾವಿಗೂ ಊರೂರಿಗೆ ಅಳತೆ ಬೇರೆ ಇದ್ದ ಹಾಗೆ. ಆ 476ರಲ್ಲಿ ವಿಂಡೋಸು, ಕಾಲೇಜಿನ ತಂತ್ರಾಂಶಗಳು, ಹುಡುಗನ ಪಾಠಗಳು ಇವಕ್ಕೆ ನಮ್ಮ ಮನೆಯಲ್ಲಿ ನೂರರ ಮೇಲೆ ಹೋಗಿತ್ತು. ಎಸ್‌ಎಸ್‌ಡಿಯನ್ನು ಕಂಠಪೂರ್ತಿ ತುಂಬಿದರೆ ಅದರ ಬರೆಯುವ ವೇಗ ಕುಗ್ಗುತ್ತದೆ. ಹತ್ತನೆಯ ಒಂದು ಪಾಲಾದರೂ ಬಿಡುವು ಇರಬೇಕು. ಉಳಿದದ್ದು ಮುನ್ನೂರರ ಸುಮಾರು. ‘ಬಾಲ್ಡರ್ಸ್ ಗೇಟ್ 3’ ಕೇಳುವುದು 150, ‘ಸ್ಟಾರ್‌ಫೀಲ್ಡ್’ 125. ಎರಡು ಆಟ ಬಂದವು, ಬಾಗಿಲು ಮುಚ್ಚಿತು.

“ಒಂದನ್ನು ತೆಗೆದು ಇನ್ನೊಂದನ್ನು ಹಾಕಿಕೊಳ್ಳೋ” ಎಂದೆ. “ಅಪ್ಪ, ಮತ್ತೆ ಬೇಕಾದಾಗ ಅಷ್ಟನ್ನೂ ಇಳಿಸಿಕೊಳ್ಳಬೇಕಾಗುತ್ತೆ” ಎಂದ. ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ 40 ಮೆಗಾಬಿಟ್ಟಿನ ಸಂಪರ್ಕದಲ್ಲಿ 150 ಗಿಗಾಬೈಟು ಇಳಿಯಲು ಎಡೆಬಿಡದೆ 8 ಗಂಟೆ 20 ನಿಮಿಷ. ನಮ್ಮ ಊರಿನಲ್ಲಿ ಬೇಸಗೆಯ ದಿನ ವಿದ್ಯುತ್ತು ಎಡೆಬಿಡದೆ ಎಂಟು ಗಂಟೆ ಇರುತ್ತದೆಂದು ನಾನು ಪ್ರಮಾಣಮಾಡಲಾರೆ. ಹುಡುಗನ ಮಾತಿನಲ್ಲಿ ಹುರುಳಿತ್ತು.

ಆದುದರಿಂದ ನಾವು ಆರಿಸಿದ್ದು ಇದು: ಇದ್ದ 512ನ್ನು ಮುಟ್ಟಲಿಲ್ಲ, ವಿಂಡೋಸು, ಓದು ಅಲ್ಲಿಯೇ. ಖಾಲಿ ಸ್ಲಾಟಿಗೆ ನಾಲ್ಕನೆಯ ಪೀಳಿಗೆಯ, ಮಧ್ಯಮ ದರ್ಜೆಯ, ಒಂದು ಟೆರಾಬೈಟಿನ ಎನ್‌ವಿಎಂಇ ಡ್ರೈವು, ಅದು ಆಟಕ್ಕೆ. ಸ್ಟೀಮ್ ಎಂಬ ಆಟದ ಅಂಗಡಿಯ ತಂತ್ರಾಂಶವು ಒಂದು ಡ್ರೈವಿನಿಂದ ಇನ್ನೊಂದಕ್ಕೆ ಆಟವನ್ನು ತಾನೇ ಸಾಗಿಸಿಕೊಡುತ್ತದೆ, ಮತ್ತೆ ಇಳಿಸಬೇಕಾಗಿಲ್ಲ. ಹೀಗೆ ಮಾಡಿದ್ದರಿಂದ ವಿಂಡೋಸನ್ನು ಹೊಸದಾಗಿ ಹಾಕುವ ತೊಡಕೂ ಬರಲಿಲ್ಲ. ನಿಮ್ಮ ಯಂತ್ರದಲ್ಲಿ ಒಂದೇ ಸ್ಲಾಟು ಇದ್ದರೆ, ಹಳೆಯದನ್ನು ತೆಗೆದು ಅದರ ಜಾಗದಲ್ಲಿ ದೊಡ್ಡದನ್ನು ಹಾಕುವುದೊಂದೇ ಒಳ್ಳೆಯ ದಾರಿ. ತೆಗೆದದ್ದನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೂರಿಸಿ ಹೊರಗಿನ ಡ್ರೈವಾಗಿ ಬಳಸಬಹುದು.

ಸವೆತದ ಭಯವನ್ನು ಕೆಲವರು ಹೇಳುತ್ತಾರೆ. ಫ್ಲ್ಯಾಶಿನ ಕೋಶಕ್ಕೆ ಬರೆದು ಅಳಿಸಿ ಬರೆದು ಆಯುಸ್ಸು ಕ್ಷಯಿಸುವುದು ನಿಜ. ಆದರೆ ಒಂದು ಟೆರಾಬೈಟಿನ ಡ್ರೈವಿಗೆ 600 ಟೆರಾಬೈಟು ಬರೆಯುವವರೆಗೆ ಭರವಸೆ ಕೊಡುವುದು ಸಾಮಾನ್ಯ. ದಿನಕ್ಕೆ 50 ಗಿಗಾಬೈಟು ಬರೆದರೂ ಅದು 12,000 ದಿನ, ಎಂದರೆ ಮೂವತ್ತು ವರ್ಷದ ಮೇಲಾಯಿತು. ಆಟವನ್ನು ಒಮ್ಮೆ ಬರೆದು ಹಲವು ಸಲ ಓದುತ್ತೇವೆ. ಓದುವುದರಿಂದ ಹೇಳಿಕೊಳ್ಳುವಂಥ ಸವೆತವಿಲ್ಲ; ಪುಸ್ತಕಕ್ಕಿಂತ ಇದೇ ಮೇಲು ಎನ್ನಬೇಕು. ಕೋಶಕ್ಕೆ ಮೂರು ಬಿಟ್ಟು ತುಂಬುವ ಟಿಎಲ್‌ಸಿ, ನಾಲ್ಕು ತುಂಬುವ ಕ್ಯುಎಲ್‌ಸಿ ಎಂಬ ಎರಡರಲ್ಲಿ ಮೊದಲನೆಯದನ್ನೇ ಕೇಳಿ. ಎರಡನೆಯದು ಅಗ್ಗ, ಓದುವುದಕ್ಕೆ ಅಡ್ಡಿಯಿಲ್ಲ, ಆದರೆ ದೊಡ್ಡ ಕಡತವನ್ನು ಬರೆಯುವಾಗ ನಡುವೆ ಉಸಿರು ಕಟ್ಟುತ್ತದೆ.

ಇನ್ನು ಎರಡನ್ನು ಸೇರಿಸಿ ಒಂದು ಮಾಡುವ ಮಾತು. ಇದಕ್ಕೆ ರೇಡ್ ಸೊನ್ನೆ ಎಂದು ಹೆಸರು. ಒಂದು ಓಲೆಯ ಕಟ್ಟಿನಲ್ಲಿ ಒಂದು, ಮೂರು, ಐದನೆಯ ಗರಿಗಳನ್ನು ಅಣ್ಣನ ಮನೆಯಲ್ಲಿಯೂ ಎರಡು, ನಾಲ್ಕು, ಆರನೆಯ ಗರಿಗಳನ್ನು ತಮ್ಮನ ಮನೆಯಲ್ಲಿಯೂ ಇಟ್ಟ ಹಾಗೆ. ಇಬ್ಬರೂ ಒಟ್ಟಿಗೆ ಓದಿದರೆ ಬೇಗ ಮುಗಿಯುತ್ತದೆ. ಒಬ್ಬನ ಮನೆಗೆ ಗೆದ್ದಲು ಹಿಡಿದರೆ ಇನ್ನೊಬ್ಬನಲ್ಲಿ ಉಳಿದದ್ದರಿಂದ ಕಾವ್ಯ ಆಗುವುದಿಲ್ಲ. ಎರಡರಲ್ಲಿ ಯಾವುದೊಂದು ಕೆಟ್ಟರೂ ಉಳಿಯುವುದು ಸೊನ್ನೆ, ಅನ್ವರ್ಥನಾಮವೆಂದರೆ ಇದು. ಆಟದಲ್ಲಿ ಅದರಿಂದ ಬರುವ ಲಾಭವೂ ಹೇಳಿಕೊಳ್ಳುವಂಥದಲ್ಲ. ನಾನು ಬೇಡವೆಂದೆ.

ಹುಡುಗ ಆಗ ಕೇಳಿದ: “ಅಪ್ಪ, ಹೇಗೂ ಎರಡು ಡ್ರೈವ್ ಆಯ್ತಲ್ಲ, ನಿಮ್ಮ ಪದಗಳನ್ನೂ ಅಕ್ಕನ ಮದುವೆ ಫೋಟೋಗಳನ್ನೂ ಎರಡನೆಯದರಲ್ಲಿ ಹಾಕಿಬಿಡಲೆ?” ಆರಂಭದಲ್ಲಿ ತಡೆದಿಟ್ಟ ಮಾತನ್ನು ಈಗ ಹೇಳಬೇಕು.

ಎಂಟು ವರ್ಷ ಕಾಲ ನಾನು ನಮ್ಮ ಸುತ್ತಿನ ಹಳ್ಳಿಗಳಲ್ಲಿ ಬೇಸಾಯದ ಮಾತುಗಳನ್ನು ಕೂಡಿಸಿದ್ದೆ. ನೇಗಿಲಿನ ಒಂದೊಂದು ಭಾಗದ ಹೆಸರು, ಕಣದಲ್ಲಿ ಆಡುವ ಮಾತು, ಮಳೆಗೆ, ಮಣ್ಣಿಗೆ, ರೋಗಕ್ಕೆ ಹೇಳುವ ಮಾತು. ಹೇಳಿದವರಲ್ಲಿ ಹೆಚ್ಚಿನವರು ಎಂಬತ್ತು ದಾಟಿದವರು. ಅದೆಲ್ಲವನ್ನೂ ಹಳೆಯ ಕಂಪ್ಯೂಟರಿನಲ್ಲಿ ಟೈಪು ಮಾಡಿ ಇಟ್ಟಿದ್ದೆ. ನಾನು ಅಜಾಗರೂಕನೇನೂ ಆಗಿರಲಿಲ್ಲ. ಯಂತ್ರದಲ್ಲಿ ‘ಸಿ’ ಎಂದೂ ‘ಡಿ’ ಎಂದೂ ಎರಡು ಡ್ರೈವು ಕಾಣುತ್ತಿದ್ದವು. ಪ್ರತಿ ಭಾನುವಾರ ‘ಸಿ’ಯಿಂದ ‘ಡಿ’ಗೆ ಒಂದು ಪ್ರತಿ ಮಾಡಿ, ನೆಮ್ಮದಿಯಿಂದ ನಿದ್ದೆ ಮಾಡುತ್ತಿದ್ದೆ. ಅವೆರಡೂ ಒಂದೇ ಡಿಸ್ಕಿಗೆ ಇಟ್ಟ ಎರಡು ಹೆಸರುಗಳೆಂದು, ಒಂದೇ ಮನೆಗೆ ಗೋಡೆ ಹಾಕಿ ಎರಡು ಕೋಣೆ ಮಾಡಿದ್ದೆಂದು ನನಗೆ ತಿಳಿದದ್ದು ಡಿಸ್ಕು ಸದ್ದು ನಿಲ್ಲಿಸಿದ ಮೇಲೆ. ಮನೆಯೇ ಕುಸಿದಾಗ ಎರಡು ಕೋಣೆಯೂ ಹೋದವು. ಬೆಂಗಳೂರಿನಲ್ಲಿ ಬಿಡಿಸಿ ತೆಗೆಯುವವರೊಬ್ಬರು ಕೇಳಿದ ಮೊತ್ತ ಹೊಸ ಕಂಪ್ಯೂಟರಿನ ಬೆಲೆಗಿಂತ ಹೆಚ್ಚಾಗಿತ್ತು, ಸಿಕ್ಕುತ್ತದೆಂಬ ಭರವಸೆಯನ್ನು ಅವರೂ ಕೊಡಲಿಲ್ಲ. ಪೆನ್ಸಿಲಿನಲ್ಲಿ ಬರೆದ ಮೂರು ನೋಟುಬುಕ್ಕು ಉಳಿದಿದ್ದವು. ಉಳಿದದ್ದನ್ನು ಮತ್ತೆ ಕೇಳೋಣವೆಂದು ಹೋದರೆ, ಹೇಳಿದವರಲ್ಲಿ ನಾಲ್ವರು ತೀರಿಕೊಂಡಿದ್ದರು.

ಪಂಡಿತನಾದವನಿಗೆ ಇದು ಮೊದಲೇ ಹೊಳೆಯಬೇಕಾಗಿತ್ತು. ಹತ್ತನೆಯ ಶತಮಾನದ ಪೊನ್ನ ಕವಿಯ ಶಾಂತಿಪುರಾಣವನ್ನು ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾನೇ ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಶಾಂತಿಪುರಾಣ ಇಂದಿಗೂ ಇದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯ ಎಂಬ ಕೃತಿಯ ಹೆಸರು ಮಾತ್ರ ನಮಗೆ ಗೊತ್ತು, ಕೃತಿ ಸಿಕ್ಕಿಲ್ಲ. ಅತ್ತಿಮಬ್ಬೆ ಸಾವಿರ ಪ್ರತಿಯನ್ನೂ ತನ್ನ ಮನೆಯ ಒಂದೇ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿಲ್ಲ ಎಂಬುದನ್ನು ಮಾತ್ರ ನಾನು ಗಮನಿಸಿರಲಿಲ್ಲ.

ಹುಡುಗನಿಗೆ ಇದನ್ನೇ ಹೇಳಿದೆ. ಲ್ಯಾಪ್‌ಟಾಪಿನೊಳಗೆ ಎರಡಲ್ಲ, ಮೂರು ಡ್ರೈವಿದ್ದರೂ ಬಸ್ಸಿನಲ್ಲಿ ಬ್ಯಾಗು ಕಳುವಾದರೆ ಮೂರೂ ಒಟ್ಟಿಗೆ ಹೋಗುತ್ತವೆ. ಮೇಲೆ ಕಾಫಿ ಚೆಲ್ಲಿದರೂ ಅಷ್ಟೆ. ಎಸ್‌ಎಸ್‌ಡಿಗೆ ಇನ್ನೊಂದು ಗುಣವಿದೆ: ಹಾರ್ಡ್ ಡಿಸ್ಕಿನಂತೆ ಸದ್ದು ಮಾಡಿ ಮುನ್ಸೂಚನೆ ಕೊಡದೆಯೂ ಅದು ಹೋಗಬಹುದು, ಅಳಿಸಿದ್ದನ್ನು ಅದರಿಂದ ಮರಳಿ ಪಡೆಯುವುದು ಬಹಳ ಕಷ್ಟ. ಆಟ ಹೋದರೆ ಮತ್ತೆ ಇಳಿಸಿಕೊಳ್ಳಬಹುದು, ಎಂಟು ಗಂಟೆಯ ಪ್ರಶ್ನೆ. ಮಗಳ ಮದುವೆಯ ಫೋಟೋವನ್ನು ಎಲ್ಲಿಂದ ಇಳಿಸುವುದು? ಆದುದರಿಂದ ಐದನೆಯ ಪೀಳಿಗೆಯದನ್ನು ಬಿಟ್ಟು ಉಳಿಸಿದ ಹಣದಲ್ಲಿ ಹೊರಗಿನ ಹಾರ್ಡ್ ಡಿಸ್ಕೊಂದನ್ನು ಕೊಂಡೆವು. ನಿಧಾನದ ತಟ್ಟೆಗೆ ಇಲ್ಲಿ ಗೌರವದ ಜಾಗವಿದೆ. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ವಿದ್ಯುತ್ತು ಕಾಣಿಸದೆ ಬೀರುವಿನಲ್ಲಿಟ್ಟರೆ ಕೋಶದಲ್ಲಿ ಕೂಡಿಟ್ಟದ್ದು ಸೋರಿಹೋಗಬಹುದು. ಅಂಥ ಕೆಲಸಕ್ಕೆ ಹಾರ್ಡ್ ಡಿಸ್ಕೇ ವಾಸಿ. ತಿಂಗಳಿಗೊಮ್ಮೆ ಪ್ರತಿ ಮಾಡಿ, ಕೇಬಲ್ಲು ಕಿತ್ತು, ಬೀರುವಿಗೆ ಸೇರಿಸುತ್ತೇವೆ. ಪದಗಳ ಇನ್ನೊಂದು ಪ್ರತಿ ಶಿವಮೊಗ್ಗದಲ್ಲಿರುವ ನನ್ನ ಭಾವಮೈದುನನ ಮನೆಯಲ್ಲಿದೆ. ಅದು ಏನೆಂದು ಆತ ಈವರೆಗೆ ತೆರೆದು ನೋಡಿಲ್ಲ, ಚಿಂತೆಯಿಲ್ಲ.

ಕೊಳ್ಳಲು ಹೊರಡುವವರಿಗೆ ಇನ್ನು ಕೆಲವು ಮಾತು. ಈ ಡ್ರೈವು ಕೂರುವ ಸ್ಲಾಟಿಗೆ ಎಂ.2 ಎಂದು ಹೆಸರು. ಚೂಯಿಂಗ್ ಗಮ್ಮಿನ ಪಟ್ಟಿಯಂತೆ ಇರುವ ಹಲಗೆಯ ಮೇಲೆ 2280 ಎಂಬ ಅಂಕಿ ಇದ್ದರೆ 22 ಮಿಲಿಮೀಟರು ಅಗಲ, 80 ಉದ್ದ ಎಂದರ್ಥ. 2242, 2230 ಎಂಬ ಗಿಡ್ಡ ಜಾತಿಗಳೂ ಉಂಟು. ನಿಮ್ಮ ಯಂತ್ರದಲ್ಲಿ ಯಾವುದು ಹಿಡಿಸುತ್ತದೆಂದು ಕೈಪಿಡಿ ನೋಡಿಯೇ ಹೋಗಿ. ಸಾಟಾ ಪಂಗಡದಲ್ಲಿಯೂ ಇದೇ ರೂಪದ ಹಲಗೆಗಳಿವೆ, ನೋಡುವುದಕ್ಕೆ ಅವಳಿ ಮಕ್ಕಳು. ಸಾಮಾನ್ಯವಾಗಿ ಸಾಟಾದ ಅಂಚಿನಲ್ಲಿ ಎರಡು ಕಚ್ಚು, ಎನ್‌ವಿಎಂಇಯ ಅಂಚಿನಲ್ಲಿ ಒಂದು. ಆದರೆ ಕಚ್ಚನ್ನು ನಂಬುವುದಕ್ಕಿಂತ ಪೆಟ್ಟಿಗೆಯ ಮೇಲಿನ ಬರೆಹವನ್ನು ಓದುವುದು ಕ್ಷೇಮ. ಹಿಂಬದಿಯ ಮುಚ್ಚಳ ತೆಗೆದರೆ ವಾರಂಟಿ ಹೋಗುತ್ತದೆಯೆ ಎಂದು ಮೊದಲೇ ವಿಚಾರಿಸಿ. ತೆಗೆಯುವ ಮುನ್ನ ಚಾರ್ಜರು ಕಿತ್ತು, ಯಂತ್ರವನ್ನು ಪೂರ್ತಿ ಆರಿಸಿ, ಕೈಯನ್ನು ಯಾವುದಾದರೂ ಲೋಹಕ್ಕೆ ಮುಟ್ಟಿಸಿಕೊಳ್ಳಿ. ಒಣ ಹವೆಯಲ್ಲಿ ಮೈಮೇಲಿನ ವಿದ್ಯುತ್ತು ಚಿಪ್ಪನ್ನು ಕೆಡಿಸಬಲ್ಲುದು.

ಇನ್ನೊಂದನ್ನು ಬಹಳ ಜನ ಅರಿಯರು. ಈಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ವಿಂಡೋಸು ನಮ್ಮನ್ನು ಕೇಳದೆಯೇ ಡ್ರೈವಿಗೆ ಬೀಗ ಹಾಕಿರುತ್ತದೆ. ದಿನನಿತ್ಯ ಅದು ಗೊತ್ತಾಗುವುದಿಲ್ಲ. ಯಂತ್ರ ಕೆಟ್ಟು ಡ್ರೈವನ್ನು ಬೇರೆಯದಕ್ಕೆ ಹಾಕಿದ ದಿನ 48 ಅಂಕಿಗಳ ಬೀಗದಕೈ ಕೇಳುತ್ತದೆ. ಆ ಅಂಕಿಗಳನ್ನು ಈಗಲೇ ಹುಡುಕಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಮಸಿಯಿಂದ ಬರೆದಿಡಿ. ಲ್ಯಾಪ್‌ಟಾಪಿನಲ್ಲಿಯೇ ಬರೆದಿಟ್ಟರೆ ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗಾಯಿತು.

ಕೊನೆಯದಾಗಿ, ಹಲಗೆಯನ್ನು ಹಿಡಿದು ನಿಲ್ಲಿಸುವ ಚಿಕ್ಕ ಸ್ಕ್ರೂ ಒಂದು ಉಂಟು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಹೊಸ ಡ್ರೈವಿನ ಪೆಟ್ಟಿಗೆಯಲ್ಲಿ ಅದು ಇರುತ್ತದೆಂದು ನಂಬಬೇಡಿ. ನಾವು ನಂಬಿ, ಭಾನುವಾರವೆಲ್ಲ ಕಾದು, ಸೋಮವಾರ ಅಂಗಡಿ ತೆರೆದ ಮೇಲೆ ಹೋಗಿ ತಂದೆವು. ಅಂಗಡಿಯಾತ ಅದಕ್ಕೆ ಕಾಸು ಕೇಳಲಿಲ್ಲ.